ಹತ್ತು ನಿಮಿಷದ ಸೊನ್ನೆ

2022ರ ನವೆಂಬರ್ ಮೊದಲ ವಾರದ ಒಂದು ಮಧ್ಯಾಹ್ನ, ಕಾರವಾರದಿಂದ ಪಶ್ಚಿಮಕ್ಕೆ ದಡ ಕಾಣದಷ್ಟು ದೂರದಲ್ಲಿ, ಹಡಗಿನ ಮೇಲೆ ಕೂತು ಕಡಲಹಕ್ಕಿ ಎಣಿಸ್ತಿದ್ದ ನಾನು, ಎಣಿಕೆಯ ಹಾಳೆ ಮೇಲೆ ಒಂದರ ಕೆಳಗೊಂದು ಹತ್ತು ಸೊನ್ನೆ ಬರೆದೆ. ಎರಡು ಗಂಟೆ ಹದಿಮೂರು ನಿಮಿಷ, ಸೊನ್ನೆ. ಹದಿನಾಲ್ಕು, ಸೊನ್ನೆ. ಹೀಗೆ ಇಪ್ಪತ್ತೆರಡರವರೆಗೂ. ಆ ನಿಮಿಷಗಳಲ್ಲಿ ನಾವು ನೋಡ್ಬೇಕಿದ್ದ ಸಮುದ್ರದ ಪಟ್ಟಿಯೊಳಗೆ ಹಕ್ಕಿ ಇರ್ಲಿಲ್ಲ ಅಂತ ಅದರ ಅರ್ಥ. ಆದ್ರೆ ಹಕ್ಕಿ ಇತ್ತೋ ಇಲ್ವೋ ನಂಗೆ ಗೊತ್ತಿರ್ಲಿಲ್ಲ, ಯಾಕಂದ್ರೆ ಆ ಹತ್ತು ನಿಮಿಷ ನಾನು ನೋಡ್ತಾನೇ ಇರ್ಲಿಲ್ಲ. ಊಟ ಆಗಿತ್ತು, ಬಿಸಿಲು ನೀರಿಗೆ ಬಿದ್ದು ಕಣ್ಣಿಗೆ ಹೊಡೀತಿತ್ತು, ಕಾಲ ಕೆಳಗೆ ಎಂಜಿನ್ನು ಒಂದೇ ಸಮನೆ ಗುಂಯ್ ಅಂತಿತ್ತು. ನಿದ್ದೆ ಅಂತಲೂ ಹೇಳಕ್ಕಾಗಲ್ಲ, ಕಣ್ಣು ತೆರೆದೇ ಇತ್ತು, ದುರ್ಬೀನು ಕೈಯಲ್ಲೇ ಇತ್ತು, ಆದ್ರೆ ನಾನು ಅಲ್ಲಿ ಇರ್ಲಿಲ್ಲ. ಎಚ್ಚರ ಆದ ಹಾಗಾಗಿ ಗಡಿಯಾರ ನೋಡಿ, ಖಾಲಿ ಬಿದ್ದಿದ್ದ ಸಾಲುಗಳನ್ನ ನೋಡಿ, ಸೊನ್ನೆ ಸೊನ್ನೆ ಅಂತ ತುಂಬಿಸಿಬಿಟ್ಟೆ.

ಹಡಗಿಂದ ಇಳಿದು ಬಂದ ಮೇಲೆ ಎಲ್ರೂ ಕೇಳಿದ್ದು ಒಂದೇ. ಏನೇನ್ ನೋಡ್ದೆ, ತಿಮಿಂಗಿಲ ಸಿಕ್ತಾ, ಡಾಲ್ಫಿನ್ ಹಾರ್ತಾ, ಫೋಟೋ ಇದ್ಯಾ. ತೋರಿಸ್ದೆ, ಖುಷಿ ಪಟ್ರು. ಆದ್ರೆ ಈಗಲೂ ರಾತ್ರಿ ಲೈಟ್ ಆಫ್ ಮಾಡಿದ ಮೇಲೆ ಒಮ್ಮೊಮ್ಮೆ ನೆನಪಿಗೆ ಬರೋದು ಆ ಹತ್ತು ಸೊನ್ನೆಗಳು. ಯಾರಿಗೂ ನಷ್ಟ ಆಗಿಲ್ಲ, ಯಾರೂ ಬೈದಿಲ್ಲ, ಅಷ್ಟು ದೊಡ್ಡ ಅರಬ್ಬಿ ಸಮುದ್ರದಲ್ಲಿ ಹತ್ತು ನಿಮಿಷ ಯಾವ ಲೆಕ್ಕ ಅಂತ ಸಮಾಧಾನ ಹೇಳ್ಕೊಳ್ಳೋಕೆ ನೋಡಿದ್ದೀನಿ, ಆಗಿಲ್ಲ. ಯಾಕೆ ಆಗಿಲ್ಲ ಅಂತ ಬರೆದಾದ್ರೂ ನೋಡೋಣ ಅಂತ ಕೂತಿದ್ದೀನಿ.

ಪೆನ್ಸಿಲ್ ಮೇಲಿನ ಗೀಟು

ಹಡಗಿನ ಮೇಲೆ ನಿಂತು ಕಡಲಹಕ್ಕಿ ಎಣಿಸೋದು ಅಂದ್ರೆ ಕಂಡಿದ್ದೆಲ್ಲಾ ಬರ್ಕೊಳ್ಳೋದು ಅಂತ ನಾನೂ ಮೊದಲು ಅಂದ್ಕೊಂಡಿದ್ದೆ. ಹಾಗಲ್ಲ. ಹಡಗಿನ ಒಂದು ಪಕ್ಕದಲ್ಲಿ, ಬಿಸಿಲು ಕಮ್ಮಿ ಇರೋ ಕಡೆ, ಮೂತಿಯಿಂದ ಪಕ್ಕದವರೆಗೆ ಕಾಲು ವೃತ್ತದಷ್ಟು ಜಾಗ ಮಾತ್ರ ನಿಮ್ಮದು. ಅದರಲ್ಲೂ 300 ಮೀಟರ್ ಒಳಗೆ ಇರೋದು ಮಾತ್ರ ಲೆಕ್ಕಕ್ಕೆ. 310 ಮೀಟರಲ್ಲಿ ಎಂಥಾ ಅಪರೂಪದ ಹಕ್ಕಿ ಹೋದ್ರೂ ಅದು ಬೇರೆ ಕಾಲಮ್ಮಿಗೆ. ನಡುಸಮುದ್ರದಲ್ಲಿ 300 ಮೀಟರ್ ಅಂತ ಹೇಗೆ ಗೊತ್ತಾಗ್ಬೇಕು, ಮರ ಇಲ್ಲ, ಕಂಬ ಇಲ್ಲ, ಅಳತೆಗೆ ಅಂತ ಏನೂ ಇಲ್ಲ. ಅದಕ್ಕೆ ಒಂದು ಉಪಾಯ ಇದೆ, ನಂಗೆ ತುಂಬಾ ಇಷ್ಟವಾದ ಉಪಾಯ. ನೀರಿನ ಮಟ್ಟದಿಂದ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಿದ್ರೆ ಸಾಕು. ನಮ್ಮದು ಸುಮಾರು 12 ಮೀಟರ್ ಇತ್ತು. ಕೈ ಪೂರ್ತಿ ಚಾಚಿ ಪೆನ್ಸಿಲ್ ನೆಟ್ಟಗೆ ಹಿಡಿದು, ಅದರ ತುದಿ ಸರಿಯಾಗಿ ದಿಗಂತದ ಗೆರೆಗೆ ತಾಗೋ ಹಾಗೆ ಇಟ್ರೆ, ತುದಿಯಿಂದ ಎರಡು ಸೆಂಟಿಮೀಟರ್ ಚಿಲ್ಲರೆ ಕೆಳಗೆ 300 ಮೀಟರ್, ಏಳು ಸೆಂಟಿಮೀಟರ್ ಕೆಳಗೆ 100 ಮೀಟರ್. ಆ ಎರಡು ಜಾಗದಲ್ಲಿ ಬ್ಲೇಡಲ್ಲಿ ಗೀಟು ಹಾಕಿಟ್ಕೊಂಡ್ರೆ ಆಯ್ತು. ಕೈ ಉದ್ದ ಒಬ್ಬೊಬ್ಬರದು ಒಂದೊಂದು ಥರ ಆದ್ದರಿಂದ ಪೆನ್ಸಿಲ್ಲೂ ಒಬ್ಬೊಬ್ಬರದು ಬೇರೆ, ಇನ್ನೊಬ್ಬರ ಪೆನ್ಸಿಲ್ ಮುಟ್ಟೋ ಹಾಗಿಲ್ಲ. ನನ್ನದು ಈಗಲೂ ಟೇಬಲ್ ಮೇಲಿದೆ.

ಕೂತಿರೋ ಹಕ್ಕಿಯನ್ನ ಎಣಿಸೋದು ಸುಲಭ, ಹಾರೋದು ಕಷ್ಟ. ಯಾಕಂದ್ರೆ ಹಡಗು ಹೋಗೋದು ಗಂಟೆಗೆ 10 ನಾಟಿಕಲ್ ಮೈಲಿ, ಅಂದ್ರೆ 10 ನಾಟ್, ಶಿಯರ್‌ವಾಟರಿನಂಥ ಕಡಲಹಕ್ಕಿ ಹೋಗೋದು ಅದಕ್ಕಿಂತ ಎಷ್ಟೋ ಜೋರು, ಬಂದಿದ್ದೆಲ್ಲಾ ಎಣಿಸ್ತಾ ಹೋದ್ರೆ ಎಲ್ಲಿಂದಲೋ ಎಲ್ಲಿಗೋ ಹೋಗ್ತಿರೋ ಹಕ್ಕಿಗಳೆಲ್ಲಾ ನಿಮ್ಮ ಸಣ್ಣ ಪಟ್ಟಿಯಲ್ಲೇ ವಾಸ ಇವೆ ಅಂತ ಆಗುತ್ತೆ. ಅದಕ್ಕೆ ನಿಮಿಷಕ್ಕೊಮ್ಮೆ ಫೋಟೋ ಹೊಡೆದ ಹಾಗೆ, ಆ ಒಂದು ಕ್ಷಣದಲ್ಲಿ ಮುಂದಿನ 300 ಮೀಟರ್ ಡಬ್ಬಿಯೊಳಗೆ ರೆಕ್ಕೆ ಮೇಲಿರೋ ಹಕ್ಕಿ ಎಷ್ಟು ಅಂತ ಮಾತ್ರ ಬರೀಬೇಕು. 10 ನಾಟ್ ವೇಗದಲ್ಲಿ ಒಂದು ನಿಮಿಷಕ್ಕೆ ಹಡಗು ಹೋಗೋದೂ ಸುಮಾರು 300 ಮೀಟರೇ, ಹಾಗಾಗಿ ಡಬ್ಬಿ ಪಕ್ಕ ಡಬ್ಬಿ ಇಟ್ಟ ಹಾಗೆ ಸಮುದ್ರ ಪೂರ್ತಿ ತುಂಬುತ್ತೆ, ಎಲ್ಲೂ ಬಿಡಲ್ಲ, ಎಲ್ಲೂ ಎರಡು ಸಲ ಬರಲ್ಲ. ಹಡಗಿನ ಜೊತೆಗೇ ಬರೋ ಹಕ್ಕಿಗಳನ್ನ ಸೇರಿಸೋ ಹಾಗಿಲ್ಲ. ನಾಲ್ಕನೇ ದಿನ ಒಂದು ಮಾಸ್ಕ್ಡ್ ಬೂಬಿ, ಬೆಳ್ಳಗಿನ ದೊಡ್ಡ ಹಕ್ಕಿ, ನಮ್ಮ ಹಡಗಿಗೆ ಹೆದರಿ ಎದ್ದು ಹಾರೋ ಮೀನುಗಳನ್ನ ಹಿಡಿಯೋಕೆ ಬೆಳಗಿಂದ ಮಧ್ಯಾಹ್ನದವರೆಗೂ ಮೂತಿ ಪಕ್ಕದಲ್ಲೇ ತೇಲ್ತಾ ಬಂತು. ನಾನು ಅದನ್ನ ಐದು ಸಲ ಬರೆದಿದ್ದೆ. ಸೀನಿಯರ್ ಅಕ್ಕ ಹಾಳೆ ನೋಡಿ ಕೇಳಿದ್ರು, ಇವು ಐದಾ, ಒಂದಾ. ಅವರು ಕಣ್ಣೂರಿನವರು, ಕನ್ನಡ ಚೆನ್ನಾಗಿ ಅರ್ಥ ಆಗ್ತಿತ್ತು, ಮಾತು ಮಾತ್ರ ತುಂಬಾ ಕಡಿಮೆ.

ತಿಮಿಂಗಿಲ, ಡಾಲ್ಫಿನ್ ನೋಡೋರದು ಇನ್ನೊಂದು ಥರ. ಅವರಿಗೆ 300 ಮೀಟರ್ ಅನ್ನೋ ಗಡಿ ಇಲ್ಲ, ದಿಗಂತದವರೆಗೂ ಅವರದೇ, ಆದ್ರೆ ಕಂಡ ಪ್ರತಿಯೊಂದಕ್ಕೂ ಎಷ್ಟು ದೂರ, ಯಾವ ಕೋನ ಅಂತ ಬರೀಬೇಕು. ಅವರ ದುರ್ಬೀನಿನೊಳಗೆ ಏಣಿ ಮೆಟ್ಟಿಲ ಥರ ಗೆರೆಗಳಿರ್ತವೆ. ಮೇಲಿನ ಗೆರೆ ದಿಗಂತಕ್ಕೆ ಕೂರಿಸಿ ಎಷ್ಟು ಮೆಟ್ಟಿಲು ಕೆಳಗೆ ಪ್ರಾಣಿ ಇದೆ ಅಂತ ಎಣಿಸೋದು, ನಮ್ಮ ಎತ್ತರಕ್ಕೆ ಒಂದು ಮೆಟ್ಟಿಲು ಅಂದ್ರೆ ಒಂದೂ ಮುಕ್ಕಾಲು ಕಿಲೋಮೀಟರ್ ಆಸುಪಾಸು. ಹತ್ತಿರದವು ಜಾಸ್ತಿ ಕಾಣ್ತವೆ, ದೂರ ಹೋದ ಹಾಗೆ ಕಾಣೋದು ಕಡಿಮೆ ಆಗ್ತಾ ಹೋಗುತ್ತೆ, ಆ ಇಳಿಕೆ ಯಾವ ಲೆಕ್ಕದಲ್ಲಿ ಆಗ್ತಿದೆ ಅನ್ನೋದ್ರಿಂದಲೇ ಕಾಣದೇ ಉಳಿದವು ಎಷ್ಟಿರ್ಬಹುದು ಅಂತ ಅಂದಾಜು ಮಾಡ್ತಾರೆ. ಅದೂ ಅಷ್ಟು ಸಲೀಸಲ್ಲ. ಸ್ಪಿನ್ನರ್ ಡಾಲ್ಫಿನ್ನುಗಳು ಹಡಗು ಕಂಡ ಕೂಡಲೇ ಮೂತಿ ಮುಂದಿನ ಅಲೆ ಮೇಲೆ ಆಡೋಕೆ ಅಂತ ತಾವೇ ಓಡಿ ಬರ್ತವೆ, ನಾವು ನೋಡೋ ಮೊದಲೇ ಬಂದುಬಿಟ್ರೆ ಹತ್ತಿರದಲ್ಲಿ ಸುಳ್ಳು ಸಂತೆ ಆಗುತ್ತೆ. ಇನ್ನು ದಡದ ಹತ್ತಿರ ಇರೋ ಫಿನ್‌ಲೆಸ್ ಪಾರ್ಪಾಯ್ಸ್, ಬೆನ್ನ ಮೇಲೆ ರೆಕ್ಕೆಯೇ ಇಲ್ಲದ ಪುಟ್ಟ ಪ್ರಾಣಿ, ಸ್ವಲ್ಪ ಗಾಳಿ ಎದ್ದು ಅಲ್ಲಲ್ಲಿ ಬಿಳಿನೊರೆ ಕಾಣೋಕೆ ಶುರುವಾದ್ರೆ ಸಾಕು, ಪಕ್ಕದಲ್ಲಿದ್ರೂ ಕಾಣಲ್ಲ. ಅದಕ್ಕೆ ಅರ್ಧ ಗಂಟೆಗೊಮ್ಮೆ ಗಾಳಿ ಎಷ್ಟು, ನೊರೆ ಎಷ್ಟು, ಬಿಸಿಲ ಹೊಳಪು ಎಲ್ಲಿಂದ ಎಲ್ಲಿವರೆಗೆ, ಎಲ್ಲಾ ಬರೀತಾರೆ. ನೋಡಿದ್ದರ ಜೊತೆಗೆ, ನೋಡೋಕೆ ಎಷ್ಟು ಸಾಧ್ಯ ಇತ್ತು ಅನ್ನೋದನ್ನೂ ಬರೆಯೋದು. ನಾವು ಬದುಕಲ್ಲಿ ಇನ್ನೆಲ್ಲೂ ಹೀಗೆ ಬರೀತೀವಾ ಗೊತ್ತಿಲ್ಲ.

ಇಷ್ಟೆಲ್ಲಾ ಯಾಕೆ ಹೇಳ್ದೆ ಅಂದ್ರೆ, ಹತ್ತು ನಿಮಿಷ ಅಂದ್ರೆ 3 ಕಿಲೋಮೀಟರ್. 3 ಕಿಲೋಮೀಟರ್ ಉದ್ದ, 300 ಮೀಟರ್ ಅಗಲ. ಹತ್ತಿರ ಹತ್ತಿರ ಒಂದು ಚದರ ಕಿಲೋಮೀಟರ್ ಸಮುದ್ರ. ಅಷ್ಟು ಜಾಗದಲ್ಲಿ ಹಕ್ಕಿ ಇಲ್ಲ ಅಂತ ನಾನು, ಅದರ ಮೇಲೆ ಕಣ್ಣೇ ಹಾಕದವನು, ಸಹಿ ಹಾಕಿ ಕೊಟ್ಟೆ.

ಹಲಗೆ ಮೇಲೆ ಕೂತಿದ್ದ ರೀವ

ಅದೇ ಅರ್ಧ ಗಂಟೆಯ ಪಾಳಿಯ ಶುರುವಿನಲ್ಲಿ ನಾನು ಚೆನ್ನಾಗೇ ನೋಡ್ತಿದ್ದೆ. ಬ್ರಿಡ್ಜಿನ, ಅಂದ್ರೆ ಹಡಗು ನಡೆಸೋ ಕೋಣೆಯ, ಮೇಲಿನ ಚಾವಣಿಗೆ ಹಡಗಿನವರು ಮಂಕಿ ಐಲ್ಯಾಂಡ್ ಅಂತಾರೆ, ಅಲ್ಲಿ ಎರಡು ಕುರ್ಚಿ, ಮೇಲೆ ಒಂದು ಟಾರ್ಪಾಲು, ಎಡಕ್ಕೆ ತಿಮಿಂಗಿಲ ನೋಡೋರು, ಬಲಕ್ಕೆ ನಾನು. ಎರಡು ಗಂಟೆ ಆರು ನಿಮಿಷಕ್ಕೆ ಮುಂದೆ ನೀರಲ್ಲಿ ಏನೋ ಕಪ್ಪಗೆ ಎದ್ದು ಮುಳುಗಿದ ಹಾಗಾಯ್ತು. ಆಮೆ ಇರ್ಬೇಕು ಅಂದ್ಕೊಂಡೆ. ಹತ್ತಿರ ಬಂದಾಗ ನೋಡಿದ್ರೆ ಹಲಗೆ, ಒಂದು ಆಳುದ್ದ ಇರ್ಬಹುದು, ಅದರ ಮೇಲೆ ಒಂದು ಹಕ್ಕಿ. ಬ್ರೈಡಲ್ಡ್ ಟರ್ನ್. ನಮ್ಮ ಹಕ್ಕಿ ಪುಸ್ತಕಗಳಲ್ಲಿ ಟರ್ನುಗಳಿಗೆ ರೀವ ಅಂತಾರೆ, ನಂಗೆ ಆ ಹೆಸರು ಇಷ್ಟ.

ಈ ರೀವ ಮತ್ತೆ ಸೂಟಿ ಟರ್ನು ನೋಡೋಕೆ ಹೆಚ್ಚು ಕಡಿಮೆ ಅಣ್ಣತಮ್ಮ ಇದ್ದ ಹಾಗೆ, ಎರಡಕ್ಕೂ ತಲೆ ಮೇಲೆ ಕರೀ ಟೋಪಿ, ಎರಡಕ್ಕೂ ಬಿಳೀ ಹಣೆ. ಸೂಟಿಯ ಬಿಳಿ ಕಣ್ಣ ಹತ್ತಿರಕ್ಕೆ ನಿಂತುಬಿಡುತ್ತೆ, ಬ್ರೈಡಲ್ಡಿನದು ತೆಳ್ಳಗೆ ಹುಬ್ಬಿನ ಥರ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತೆ. ನಾನು ಏಳನೇ ಕ್ಲಾಸಲ್ಲಿದ್ದಾಗ ಒಂದು ಜುಲೈ ತಿಂಗಳು, ಜಡಿಮಳೆ, ಕುಮಟಾ ಹತ್ತಿರದ ನಮ್ಮೂರ ಬೇಲೆಯಲ್ಲಿ, ಅಂದ್ರೆ ಸಮುದ್ರದ ದಡದಲ್ಲಿ, ಗಾಳಿಗೆ ಸಿಕ್ಕು ಬಿದ್ದಿದ್ದ ಕಪ್ಪು ಬಿಳಿ ಹಕ್ಕಿಯೊಂದನ್ನ ಮನೆಗೆ ತಂದಿದ್ದೆ, ಅಜ್ಜಿ ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಒಲೆ ಪಕ್ಕ ಇಟ್ಟಿದ್ರು, ಬೆಳಗಾಗೋದ್ರೊಳಗೆ ಸತ್ತಿತ್ತು. ಎಷ್ಟೋ ವರ್ಷ ಆದ ಮೇಲೆ ಗೊತ್ತಾಯ್ತು ಅದು ಸೂಟಿ ಟರ್ನ್ ಅಂತ. ಗೂಡು ಬಿಟ್ಟು ಹಾರಿದ ಮರಿ ವರ್ಷಗಟ್ಟಲೆ ನೆಲಕ್ಕೇ ಇಳಿಯಲ್ಲವಂತೆ, ಗಾಳಿಯಲ್ಲೇ ಊಟ, ಗಾಳಿಯಲ್ಲೇ ನಿದ್ದೆ. ಮೊಟ್ಟೆ ಇಡೋಕೆ ಮಾತ್ರ ಲಕ್ಷದ್ವೀಪದ ಪಿಟ್ಟಿಯಂಥ ಮರಳ ದಿಬ್ಬ ಬೇಕು, ಅದೂ ಮನುಷ್ಯರು ಇಲ್ಲದ್ದು. ಬ್ರೈಡಲ್ಡ್ ಹಾಗಲ್ಲ, ಅದಕ್ಕೆ ಕೂರೋಕೆ ಏನಾದ್ರೂ ಬೇಕು, ತೇಲೋ ಕೊರಡು, ಪ್ಲಾಸ್ಟಿಕ್ ಡಬ್ಬ, ಆಮೆ ಬೆನ್ನಾದ್ರೂ ಸರಿ. ನಮಗೆ ಹತ್ತಿರ ಅಂದ್ರೆ ವೆಂಗುರ್ಲಾ ಬಂಡೆಗಳ ಮೇಲೆ ಗೂಡು ಮಾಡ್ತವೆ.

ಪೆನ್ಸಿಲ್ ಹಿಡಿದೆ, ನೂರು ಮೀಟರ್ ಗೀಟಿಗಿಂತ ಕೆಳಗೆ, ಅಂದ್ರೆ ಇನ್ನೂ ಹತ್ತಿರ. ಹಲಗೆ ಅಲೆಗೆ ಮೆಲ್ಲಗೆ ತಿರುಗ್ತಿತ್ತು, ಅದು ತಿರುಗಿದ ಹಾಗೆಲ್ಲ ಹಕ್ಕಿ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಗಾಳಿಗೆ ಮುಖ ಮಾಡಿ ನಿಲ್ತಿತ್ತು. ಒಂದು ಅಲೆಗೆ ಹಲಗೆಯ ಒಂದು ತುದಿ ಮೇಲೆದ್ದಾಗ ಅಡಿಯಲ್ಲಿ ಬಾರ್ನಕಲ್ಲುಗಳು, ನೀರಲ್ಲಿರೋ ಮರಕ್ಕೆ ಅಂಟಿ ಬೆಳೆಯೋ ಚಿಪ್ಪಿನ ಜೀವಿಗಳು, ಗೊಂಚಲು ಗೊಂಚಲಾಗಿ ನೇತಾಡೋದು ಕಾಣ್ತು, ಅಂದ್ರೆ ಹಲಗೆ ನೀರಿಗೆ ಬಿದ್ದು ಬಹಳ ದಿನ ಆಗಿತ್ತು. ಹಡಗಿನ ಅಲೆ ತಾಗೋ ಹೊತ್ತಿಗೆ ಹಕ್ಕಿ ಎದ್ದು, ಒಂದು ಸುತ್ತು ಹಾಕಿ, ಅಲೆ ದಾಟಿ ಹೋದ ಮೇಲೆ ಮತ್ತೆ ಅದೇ ಹಲಗೆಗೆ ಇಳೀತು. ಕಾಲು ಇಳಿಬಿಟ್ಟು, ರೆಕ್ಕೆ ಎತ್ತಿ ಹಿಡಿದು, ಒಂದು ಕ್ಷಣ ಹಾಗೇ ನಿಂತು, ಆಮೇಲೆ ಮಡಚ್ಕೊಂಡ್ತು. ಫೋಟೋ ತೆಗೆದೆ. ಹಾಳೆಯಲ್ಲಿ ಬರೆದೆ, 2.06, ಬ್ರೈಡಲ್ಡ್ ಟರ್ನ್, 1, ನೀರ ಮೇಲೆ, 50ರಿಂದ 100 ಮೀಟರ್. ಖುಷಿಗೆ ನನ್ನ ಸ್ವಂತ ಪುಸ್ತಕದಲ್ಲೂ ಅಕ್ಷಾಂಶ ರೇಖಾಂಶ ಸಮೇತ ಬರ್ಕೊಂಡೆ. ಆ ಖುಷಿಯಲ್ಲೇ ಮೈ ಸಡಿಲ ಆಯ್ತು ಅನ್ಸುತ್ತೆ. ಅದಾದ ಮೇಲಿನ ಕಥೆ ಹೇಳಿ ಆಯ್ತಲ್ಲ.

ನಿಂತ ಹಡಗಿನ ಪಕ್ಕ ಬಂದಿದ್ದು

ಮಾರನೇ ದಿನ ಬೆಳಿಗ್ಗೆ ಸಮುದ್ರ ಎಣ್ಣೆ ಸುರಿದ ಹಾಗಿತ್ತು. ಇಂಥಾ ದಿನಕ್ಕೆ ಕಾಯ್ತಾರೆ, ಎರಡು ಮೂರು ಕಿಲೋಮೀಟರ್ ಆಚೆ ಒಂದು ಬೆನ್ನು ಎದ್ರೂ ಕಾಣುತ್ತೆ. ಆರೂವರೆಯಿಂದ ಹತ್ತೂವರೆವರೆಗೆ ನಾಲ್ಕು ಗಂಟೆ, ನಾಲ್ಕು ಜನ ಪಾಳಿ ಬದಲಾಯಿಸ್ತಾ ಬದಲಾಯಿಸ್ತಾ ಕೂತ್ವಿ. ಪೊಮರೈನ್ ಸ್ಕುವಾ ಅನ್ನೋ ಕಡಲಹಕ್ಕಿ ಒಂದು ಹೋಯ್ತು, ದೂರದಲ್ಲಿ ರೆಡ್-ನೆಕ್ಡ್ ಫಾಲರೋಪುಗಳ ಒಂದು ಗುಂಪು ನೀರ ಮೇಲೆ ಬುಗುರಿ ಥರ ಸುತ್ತುತ್ತಾ ಕೂತಿತ್ತು, ಉತ್ತರ ಧ್ರುವದ ಪಕ್ಕ ಮರಿ ಮಾಡಿ ಚಳಿಗಾಲ ಕಳೆಯೋಕೆ ಅರಬ್ಬಿ ಸಮುದ್ರಕ್ಕೆ ಬರೋ ಅಂಗೈಯಷ್ಟು ಹಕ್ಕಿಗಳು. ಬಿಟ್ರೆ ಏನಿಲ್ಲ. ತಿಮಿಂಗಿಲದ ಹಾಳೆ ಪೂರ್ತಿ ಖಾಲಿ.

ಹತ್ತೂವರೆಗೆ ಹಡಗು ನಿಂತಿತು. ನಮ್ಮಂಥವರಿಗೆ ಅಂತಲೇ ಯಾರೂ ಹಡಗು ಓಡಿಸಲ್ಲ, ಸಮುದ್ರದ ಉಪ್ಪು, ಉಷ್ಣತೆ, ಆಮ್ಲಜನಕ ಅಳೆಯೋರ ಜೊತೆ ನಾವೂ ಎರಡು ಕುರ್ಚಿ ಹಾಕ್ಕೊಂಡು ಕೂರ್ತೀವಿ. ಅವರ ಸಿಟಿಡಿ ಯಂತ್ರ ವಿಂಚಿನ ಹಗ್ಗದಲ್ಲಿ ಸಾವಿರ ಮೀಟರ್ ಆಳಕ್ಕೆ ಇಳಿದು ಮೇಲೆ ಬರೋವರೆಗೂ ಹಡಗು ನಿಂತಿರುತ್ತೆ, ಅಷ್ಟು ಹೊತ್ತು ನಮ್ಮ ಎಣಿಕೆಯೂ ಬಂದ್. ಅಕ್ಕ ಹಾಳೆಯಲ್ಲಿ ಟೈಮ್ ಬರೆದು ಗೆರೆ ಎಳೆದು ಆಫ್ ಎಫರ್ಟ್ ಅಂತ ಹಾಕಿದ್ರು. ನಾನು ಟೀ ತಗೊಂಡು ಹಿಂದಿನ ಡೆಕ್ಕಿಗೆ ಇಳಿದೆ.

ಕಪ್ ಬಾಯಿಗೆ ಇಡ್ತಿದ್ದ ಹಾಗೇ ಪಕ್ಕದಲ್ಲೇ ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗಾಯ್ತು. ಕುಕ್ಕರ್ ಸೀಟಿ ತೆಗೆದಾಗ ಆವಿ ಒಮ್ಮೆಲೇ ಹೋಗುತ್ತಲ್ಲ, ಆ ಥರ, ಆದ್ರೆ ಅದಕ್ಕಿಂತ ಆಳದಿಂದ ಬಂದ ಹಾಗೆ. ತಿರುಗಿದ್ರೆ ನಲವತ್ತು ಮೀಟರೂ ಇಲ್ಲ, ಉದ್ದಕ್ಕೆ ಕಪ್ಪು ಬೆನ್ನು, ನೀರು ಅದರ ಮೇಲಿಂದ ಇಳಿದು ಹೋಗ್ತಿದೆ, ತಲೆ ಮೇಲೆ ಮೂಗಿನ ಕಡೆಗೆ ಮೂರು ಏಣುಗಳು, ನಡುವಿನದು ಎದ್ದು ಕಾಣೋದು, ಅಕ್ಕಪಕ್ಕದವು ಸಣ್ಣವು. ಬ್ರೈಡ್ಸ್ ತಿಮಿಂಗಿಲ. ಆ ಮೂರು ಏಣು ಕಂಡ್ರೆ ಅನುಮಾನವೇ ಬೇಡ. ಆಮೇಲೆ ಹಿಂದಿನಿಂದ ಕುಡುಗೋಲಿನಂಥ ರೆಕ್ಕೆ. ಗಾಳಿ ಇಲ್ಲದ್ದಕ್ಕೆ ಅದರ ಉಸಿರಿನ ವಾಸನೆ ನಮ್ಮ ಮೇಲೆ ಬಂತು, ಒಣಮೀನು ಮತ್ತೆ ಹಸಿ ಎಲೆಕೋಸು ಸೇರಿದ ಹಾಗೆ. ವಿಂಚ್ ಹತ್ತಿರ ಇದ್ದವರು ಕೆಲಸ ನಿಲ್ಲಿಸಲಿಲ್ಲ, ಆದ್ರೆ ಎಲ್ಲರ ಮುಖವೂ ಆ ಕಡೆಗೇ. ಮತ್ತೆರಡು ಸಲ ಎದ್ದು, ಹಡಗಿನ ಹಿಂದಿನಿಂದ ಸುತ್ತಿ, ಹೋಯ್ತು. ನೀರ ಮೇಲೆ ಅದು ಇಳಿದ ಜಾಗದಲ್ಲಿ ನುಣ್ಣಗಿನ ವೃತ್ತವೊಂದು ಬಹಳ ಹೊತ್ತು ಇತ್ತು.

ಮೇಲೆ ಓಡಿ ಹೋಗಿ ನೋಡಿದ್ರೆ ಅಕ್ಕ ಆಗಲೇ ಬರೆದು ಮುಗಿಸಿದ್ರು, ಇನ್ನೊಂದು ಹಾಳೆಯಲ್ಲಿ, ಹಾದಿಯಲ್ಲಿ ಕಂಡವು ಅಂತ ಇರುತ್ತಲ್ಲ, ಅದರಲ್ಲಿ. ಎಣಿಕೆಯ ಹಾಳೆ ಹಾಗೇ ಖಾಲಿ. ಹದಿನೆಂಟು ದಿನದಲ್ಲಿ ಅಷ್ಟು ಹತ್ತಿರ ಬಂದ ತಿಮಿಂಗಿಲ ಅದೊಂದೇ, ಅದು ಲೆಕ್ಕಕ್ಕಿಲ್ಲ. ನಂಗೆ ಸಂಕಟ ಆಯ್ತು, ನಾಲ್ಕು ಗಂಟೆ ಕೂತಿದ್ವಲ್ಲ, ಹತ್ತು ನಿಮಿಷ ಆಚೀಚೆ ಅಷ್ಟೇ ಅಲ್ವಾ ಅಂದೆ. ನಾವು ಹುಡುಕಿದ್ದಕ್ಕೆ ಸಿಕ್ಕಿದ್ದಲ್ಲ, ನಿಂತಿದ್ವಿ, ಅದೇ ನೋಡೋಕೆ ಬಂತು ಅಂದ್ರು. ಅವರ ಮುಖದಲ್ಲೂ ಖುಷಿ ಇತ್ತು, ಕೈ ಸಣ್ಣಗೆ ನಡುಗ್ತಾನೂ ಇತ್ತು, ಆದ್ರೆ ಯಾವ ಹಾಳೆಯಲ್ಲಿ ಬರೀಬೇಕು ಅನ್ನೋದ್ರಲ್ಲಿ ಒಂದು ಕ್ಷಣದ ಅನುಮಾನವೂ ಇರ್ಲಿಲ್ಲ. ಕಣ್ಣೆದುರು ಉಸಿರಾಡಿ ಹೋದ ತಿಮಿಂಗಿಲವನ್ನ ಅವರು ಎಣಿಕೆಯಿಂದ ಆಚೆ ಇಟ್ರು. ಅದೇ ಕ್ಲಿಪ್‌ಬೋರ್ಡಿನಲ್ಲಿ ಒಂದು ಹಾಳೆ ಕೆಳಗೆ ನಾನು ಕಣ್ಣೇ ಹಾಕದ ಸಮುದ್ರವನ್ನ ಎಣಿಕೆಯೊಳಗೆ ಇಟ್ಟಿದ್ದೆ.

ಎಷ್ಟು ಗಂಟೆಯಿಂದ?

ಹೇಳೋಕೆ ಇನ್ನೂ ಎರಡು ದಿನ ಬೇಕಾಯ್ತು. ರಾತ್ರಿ ಊಟ ಆದ ಮೇಲೆ ಅಕ್ಕ ಹಾಳೆಗಳನ್ನ ಲ್ಯಾಪ್‌ಟಾಪಿಗೆ ಹಾಕ್ತಾ ಕೂತಿದ್ರು, ಪಕ್ಕ ಹೋಗಿ ಕೂತು ಹೇಳ್ದೆ. ಬೈಲಿಲ್ಲ. ಎಷ್ಟು ಗಂಟೆಯಿಂದ ಅಂತ ಕೇಳಿದ್ರು. ಎರಡು ಹದಿಮೂರು ಇರ್ಬೇಕು ಅಂದೆ, ಆಮೇಲೆ ಹನ್ನೊಂದೂ ಇರ್ಬಹುದು ಅನ್ಸುತ್ತೆ ಅಂದೆ. ಅನ್ಸುತ್ತೆ ಅಂದ್ರೆ ಆಗಲ್ಲ ಅಂತ ಹೇಳಿ ಎರಡರಿಂದ ಎರಡೂವರೆವರೆಗಿನ ಪೂರ್ತಿ ಅರ್ಧ ಗಂಟೆಗೆ ಕೆಂಪು ಪೆನ್ನಲ್ಲಿ ಅಡ್ಡಗೆರೆ ಎಳೆದ್ರು.

ಆಗ ನಾನು ವಾದ ಮಾಡ್ದೆ. ಆರು ನಿಮಿಷದ ಹೊತ್ತಿಗೆ ರೀವ ಇದೆಯಲ್ಲ, ಅದು ನಿಜ, ಫೋಟೋ ಇದೆ, ಅದನ್ನಾದ್ರೂ ಉಳಿಸಿ. ಅವರು ಪೆನ್ ಕೆಳಗಿಟ್ಟು, ಆ ಪ್ರಯಾಣದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದೇ ಇರ್ಬೇಕು, ನಿಧಾನವಾಗಿ ಹೇಳಿದ್ರು. ಹಕ್ಕಿ ಕಂಡ ನಿಮಿಷ ಇಟ್ಕೊಂಡು ಕಾಣದ ನಿಮಿಷ ಬಿಸಾಕ್ತಾ ಹೋದ್ರೆ ಸಮುದ್ರದಲ್ಲಿ ಇರೋದಕ್ಕಿಂತ ಜಾಸ್ತಿ ಹಕ್ಕಿ ಆಗ್ತವೆ. ನೋಡದ ನಿಮಿಷವನ್ನ ಸೊನ್ನೆ ಅಂತ ಇಟ್ಕೊಂಡ್ರೆ ಇರೋದಕ್ಕಿಂತ ಕಡಿಮೆ ಆಗ್ತವೆ. ಎಲ್ಲಿಂದ ಎಲ್ಲಿಗೆ ಅಂತ ನಿಂಗೇ ಗೊತ್ತಿಲ್ಲ ಅಂದ್ಮೇಲೆ ಪೂರ್ತಿ ಹೋಗ್ಬೇಕು. ನಂಗೆ ಉತ್ತರ ಇರ್ಲಿಲ್ಲ. ಕೆಂಪು ಗೆರೆ ರೀವದ ಮೇಲೆ ಹಾದು ಹೋಯ್ತು. ಈಗ ಆ ಪ್ರಯಾಣದ ಅಂಕಿ ಅಂಶದಲ್ಲಿ 9 ಕಿಲೋಮೀಟರ್ ಚಿಲ್ಲರೆ ದಾರಿ ಇಲ್ಲ, ಒಂದು ಹಕ್ಕಿಯೂ ಇಲ್ಲ.

ಒಂದು ಹಕ್ಕಿಗೆ ಇಷ್ಟು ಯಾಕೆ ಅಂತ ಕೇಳೋರು ನಮ್ಮ ಸಮುದ್ರದಲ್ಲೇ ಇರೋ ಗೂನುಬೆನ್ನಿನ ತಿಮಿಂಗಿಲದ ಕಥೆ ಕೇಳ್ಬೇಕು. ಬೇರೆ ಕಡೆಯ ಹಂಪ್‌ಬ್ಯಾಕುಗಳು ಧ್ರುವದ ಕಡೆಗೆ ಹೋಗಿ ಬಂದು ಮಾಡ್ತವೆ, ಅರಬ್ಬಿ ಸಮುದ್ರದವು ವರ್ಷಪೂರ್ತಿ ಇಲ್ಲೇ, ಸುಮಾರು 70,000 ವರ್ಷದಿಂದ ಬೇರೆಯವುಗಳ ಜೊತೆ ಸೇರದೇ ಪ್ರತ್ಯೇಕವಾಗೇ ಉಳಿದಿವೆ ಅಂತ ಅವುಗಳ ಡಿಎನ್ಎ ಹೇಳುತ್ತೆ. 1960ರ ದಶಕದ ನಡುವಿನಲ್ಲಿ, ಬಹುಪಾಲು 1966ರ ಕೊನೆಯಲ್ಲಿ, ಸೋವಿಯತ್ ಬೇಟೆ ಹಡಗುಗಳು ಕಾನೂನು ಮೀರಿ ಈ ಸಮುದ್ರದಲ್ಲಿ 242 ಹಂಪ್‌ಬ್ಯಾಕುಗಳನ್ನ ಕೊಂದ್ವು. ಆಗ ಕೊಟ್ಟ ಅಧಿಕೃತ ಲೆಕ್ಕದಲ್ಲಿ ಅವು ಇರ್ಲಿಲ್ಲ, ಅಂದ್ರೆ ಅಲ್ಲೂ ಒಂದು ಸುಳ್ಳು ಸೊನ್ನೆ. ಮಿಖಾಲೆವ್ ಅನ್ನೋ ವಿಜ್ಞಾನಿ 1990ರ ದಶಕದಲ್ಲಿ ನಿಜವಾದ ದಾಖಲೆ ಹೊರಗೆ ತಂದಾಗಲೇ ಜಗತ್ತಿಗೆ ಗೊತ್ತಾಗಿದ್ದು, ಕೊಂದವುಗಳ ಹೊಟ್ಟೆಯಲ್ಲಿದ್ದ ಮರಿಗಳ ಗಾತ್ರ ನೋಡಿ ಇವು ಉತ್ತರಾರ್ಧ ಗೋಳದ ಕಾಲಕ್ಕೆ ಮರಿ ಹಾಕೋವು, ದಕ್ಷಿಣದಿಂದ ಬಂದವಲ್ಲ ಅಂತ ತಿಳಿದಿದ್ದೂ ಆ ದಾಖಲೆಯಿಂದಲೇ. ಆಮೇಲೆ ಓಮಾನ್ ಕರಾವಳಿಯಲ್ಲಿ ಬಾಲದ ಫೋಟೋ ಹಿಡಿದು 2000ದಿಂದ 2004ರವರೆಗೆ ಮಾಡಿದ ಲೆಕ್ಕದಲ್ಲಿ ಸಿಕ್ಕ ಅಂದಾಜು 82. ಎಂಬತ್ತೆರಡು! ನಮ್ಮೂರ ಶಾಲೆಯಲ್ಲಿ ಅದಕ್ಕಿಂತ ಜಾಸ್ತಿ ಮಕ್ಕಳಿದ್ರು. 2017ರ ನವೆಂಬರಲ್ಲಿ ಓಮಾನಿನಲ್ಲಿ ಸ್ಯಾಟಲೈಟ್ ಟ್ಯಾಗ್ ಹಾಕಿದ ಒಂದು ಹೆಣ್ಣು, ಲುಬಾನ್ ಅಂತ ಹೆಸರು, ಅರಬ್ಬಿಯಲ್ಲಿ ಧೂಪ ಅಂತ ಅರ್ಥ, ಸಮುದ್ರ ಅಡ್ಡ ದಾಟಿ ಗೋವಾ ಕಡೆಗೆ ಬಂದು, ಅಲ್ಲಿಂದ ತೆಂಕಣ ದಿಕ್ಕಿಗೆ ಭಾರತದ ತುದಿವರೆಗೂ ಇಳೀತು. ಅಂದ್ರೆ ಕಾರವಾರ, ಕುಮಟಾ, ಮಲ್ಪೆ ಎಲ್ಲಾ ದಾಟಿ ಹೋಗಿದೆ. ಟ್ಯಾಗ್ ಇರ್ಲಿಲ್ಲ ಅಂದಿದ್ರೆ, ಆ ಹೊತ್ತಿಗೆ ಅಲ್ಲಿ ಒಂದು ಸರ್ವೇ ಹಡಗು ಹೋಗ್ತಿದ್ದಿದ್ರೆ, ಅದರ ಮೇಲೆ ನನ್ನಂಥವರೊಬ್ಬರು ಊಟ ಆದ ಮೇಲೆ ಕೂತಿದ್ದಿದ್ರೆ? ಇದನ್ನ ಯೋಚಿಸಿದಾಗಲೇ ನಂಗೆ ನಿದ್ದೆ ಹಾರಿಹೋಗೋದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಈ ಲೆಕ್ಕ ಬರೀ ಪ್ರಾಣಿಪ್ರೇಮಿಗಳ ವಿಷಯ ಅಲ್ಲ. ಕಡಲ ಸಸ್ತನಿಗಳನ್ನ ಕಾಪಾಡೋ ಅಮೆರಿಕದ 1972ರ ಕಾನೂನಿನ ಕೆಳಗೆ 2017ರಿಂದ ಒಂದು ನಿಯಮ ಬಂದಿದೆ, ಅವರಿಗೆ ಮೀನು ಸೀಗಡಿ ಮಾರೋ ದೇಶಗಳು ತಮ್ಮ ಬಲೆಗೆ ಡಾಲ್ಫಿನ್ ತಿಮಿಂಗಿಲ ಸಿಕ್ಕಿ ಸಾಯೋದನ್ನ ಹೇಗೆ ತಡೀತಿದ್ದೀವಿ ಅಂತ ತೋರಿಸ್ಬೇಕು. ತೋರಿಸ್ಬೇಕು ಅಂದ್ರೆ ಮೊದಲು ನಿಮ್ಮ ಸಮುದ್ರದಲ್ಲಿ ಎಷ್ಟಿವೆ ಅಂತ ಹೇಳ್ಬೇಕಲ್ಲ. ಮಲ್ಪೆಯಲ್ಲಿ ಬಲೆ ಎಳೆಯೋರ ಅನ್ನಕ್ಕೂ ಮಂಕಿ ಐಲ್ಯಾಂಡ್ ಮೇಲೆ ಕೂತವರ ಕಣ್ಣಿಗೂ ಹೀಗೆ ಗಂಟು ಬಿದ್ದಿದೆ.

ಕ್ಯಾಲೆಂಡರಿನ ಹಿಂದೆ

ಊರಿಗೆ ಹೋದಾಗ ದೊಡ್ಡಪ್ಪನ ಮನೆಗೂ ಹೋದೆ. ಅವರು ಪರ್ಸೀನ್ ಬೋಟಿನಲ್ಲಿ, ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟು ಹಿಡಿಯೋ ಬೋಟದು, ಇಪ್ಪತ್ತೆರಡು ವರ್ಷ ತಾಂಡೇಲ, ಅಂದ್ರೆ ಬೋಟು ನಡೆಸೋ ಮುಖ್ಯಸ್ಥ, ಆಗಿದ್ದವರು, ಈಗ ಮೊಣಕಾಲು ನೋವು, ಮನೆಯಲ್ಲೇ ಬಲೆ ಹೆಣೀತಾರೆ. ನೀರಿನ ಬಣ್ಣ ತಿರುಗಿದ್ದು ನೋಡಿ ಬೂತಾಯಿ ಹಿಂಡು ಹೇಳೋರು, ಹಕ್ಕಿ ಎರಗೋ ರೀತಿ ನೋಡಿ ಕೆಳಗೆ ಬಂಗುಡೆಯೋ ಕೇದರವೋ ಅಂತ ಹೇಳೋರು. ಅವರೊಬ್ಬರೇ ನಂಗೆ ಏನ್ ನೋಡ್ದೆ ಅಂತ ಕೇಳ್ಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಕೂರ್ತಿದ್ರಿ ಅಂತ ಕೇಳಿದ್ರು. ಅರ್ಧ ಗಂಟೆ ನೋಡೋದು, ಅರ್ಧ ಗಂಟೆ ಬಿಡೋದು ಅಂದೆ. ಹಾಗೇ ಮಾಡ್ಬೇಕು, ಅದಕ್ಕಿಂತ ಜಾಸ್ತಿ ಆದ್ರೆ ಕಣ್ಣು ನೀರನ್ನ ನೋಡುತ್ತೆ, ನೀರಲ್ಲಿರೋದನ್ನ ನೋಡಲ್ಲ ಅಂದ್ರು. ಅದಕ್ಕೇ ಇರ್ಬೇಕು, ಹತ್ತು ನಿಮಿಷದ ವಿಷಯ ಅವರಿಗೆ ಪೂರ್ತಿ ಹೇಳ್ಬೇಕು ಅನ್ನಿಸ್ತು, ಹೇಳ್ದೆ, ರೀವದ ಕಥೆಯನ್ನೂ ಹೇಳ್ದೆ, ಕೆಂಪು ಗೆರೆಯನ್ನೂ.

ಅವರು ಹಕ್ಕಿ ಬಗ್ಗೆ ಏನೂ ಕೇಳ್ಲಿಲ್ಲ. ಹಲಗೆ ಯಾವ ಬಣ್ಣ ಇತ್ತು ಅಂದ್ರು.

2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆ ಆಗಿದ್ದು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ಅದರಲ್ಲಿ ನಮ್ಮ ಉತ್ತರ ಕನ್ನಡದವರೂ ಇದ್ರು. 2019ರ ಮೇ ತಿಂಗಳಲ್ಲಿ ಮಾಲ್ವಣದ ಕಡೆ ಸಮುದ್ರದ ತಳದಲ್ಲಿ ಅದರ ಅವಶೇಷ ನೌಕಾಪಡೆಯವರಿಗೆ ಸಿಗೋವರೆಗೆ, ಆ ನಾಲ್ಕೂವರೆ ತಿಂಗಳು, ಕಡಲಿಗೆ ಹೋದವರೆಲ್ಲ ತೇಲೋ ಪ್ರತಿಯೊಂದು ಮರದ ಚೂರನ್ನೂ ಹತ್ತಿರ ಹೋಗಿ ನೋಡಿ ಬರ್ತಿದ್ರಂತೆ. ದೊಡ್ಡಪ್ಪ ಆಗ ಇನ್ನೂ ಬೋಟಿಗೆ ಹೋಗ್ತಿದ್ರು. ಆ ಬೋಟು ಸಿಕ್ಕಿದ ಮೇಲೂ ಅವರಿಗೆ ಆ ಅಭ್ಯಾಸ ಹೋಗಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೂ ಎಲ್ಲೋ ಒಂದು ನಾಡದೋಣಿ, ಎಲ್ಲೋ ಒಂದು ಮನೆ, ಕಾಯ್ತಾ ಇರುತ್ತೆ.

ಹಲಗೆಯ ಆ ಫೋಟೋವನ್ನ ಫೋನಲ್ಲಿ ತೆರೆದು ಕೊಟ್ಟೆ. ಅವರು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಹಕ್ಕಿಯನ್ನ ಪಕ್ಕಕ್ಕೆ ಸರಿಸಿ, ಹಲಗೆಯ ತುದಿಗೆ ಹೋದ್ರು. ಅಲ್ಲಿ ಒಂದು ಅಂಚಿಗೆ ನೀಲಿ ಬಣ್ಣ ಉಳಿದಿತ್ತು, ಸಾಲಾಗಿ ಎರಡು ಮೊಳೆ ತೂತು. ನಾನು ಆ ಫೋಟೋವನ್ನ ಎಷ್ಟು ಸಲ ನೋಡಿದ್ನೋ, ಹುಬ್ಬಿನ ಬಿಳಿ ಎಲ್ಲಿವರೆಗೆ ಹೋಗಿದೆ ಅಂತ ನೋಡಿದ್ದೆ, ರೆಕ್ಕೆ ನೋಡಿದ್ದೆ, ಕಾಲು ನೋಡಿದ್ದೆ, ಮೊಳೆ ತೂತು ಇವತ್ತೇ ಕಂಡಿದ್ದು. ಬಹಳ ಹೊತ್ತು ನೋಡಿ, ಇದು ಎಲ್ಲಿ ಸಿಕ್ತು, ಬರೆದಿಟ್ಟಿದ್ದೀಯಾ ಅಂತ ಕೇಳಿದ್ರು. ಬ್ಯಾಗಿಂದ ನನ್ನ ಪುಸ್ತಕ ತೆಗೆದು ಓದಿದೆ. 14 ಡಿಗ್ರಿ 40 ಮಿನಿಟ್ ಉತ್ತರ, 73 ಡಿಗ್ರಿ 12 ಮಿನಿಟ್ ಪೂರ್ವ. ದೊಡ್ಡಪ್ಪ ಗೋಡೆಯಿಂದ ಕ್ಯಾಲೆಂಡರ್ ಇಳಿಸಿ, ಅದರ ಹಿಂದೆ, ಅಲ್ಲಿ ಆಗಲೇ ಇದ್ದ ಐದಾರು ಸಾಲುಗಳ ಕೆಳಗೆ ಅದನ್ನ ಬರೆದು, ತಾರೀಖು ಯಾವುದು ಅಂತ ಕೇಳಿ ಅದನ್ನೂ ಬರೆದು, ಎಷ್ಟು ಗಂಟೆ ಅಂದ್ರು.

ಎರಡು ಗಂಟೆ ಆರು ನಿಮಿಷ ಅಂದೆ.